ಬಟನ್ನಿನವನಿಗೆ ನಾನು ಹೇಳಿದ ಮಾತು

ನನ್ನ ಗಂಡನನ್ನು ಬೀದಿಯೆಲ್ಲ ಮಾಸ್ಟರ್ ಅಂತ ಕರೆಯುತ್ತದೆ. ಹೆಂಗಸರ ಬಟ್ಟೆ ಹೊಲಿಯುವುದರಲ್ಲಿ ಇವರನ್ನು ಸರಿಗಟ್ಟುವವರು ಸುತ್ತಮುತ್ತ ಯಾರೂ ಇಲ್ಲ. ನಾನು ಹೆಸರಿಗೆ ಅಂಗಡಿಯ ಯಜಮಾನಿ. ಮಾಡುವ ಕೆಲಸ ಬಟನ್ನಿನ ತೂತಿಗೆ ಕಾಜಾ ಹಾಕುವುದು, ಅಂಚು ಮಡಚಿ ಹೊಲಿಯುವುದು, ಹೊತ್ತಿಗೆ ಸರಿಯಾಗಿ ಬಟ್ಟೆ ಸಿಗದ ಗಿರಾಕಿಗಳಿಂದ ಬೈಸಿಕೊಳ್ಳುವುದು. ಹದಿನೇಳು ವರ್ಷದಿಂದ ಇದೇ. ಮಕ್ಕಳಾಗಲಿಲ್ಲ. ಆ ವಿಷಯ ಮಾತ್ರ ಕೇಳಬೇಡಿ, ಕೇಳಿದವರಿಗೆಲ್ಲ ಉತ್ತರ ಕೊಟ್ಟು ಸಾಕಾಗಿದೆ.

ಇವರ ಕಥೆ ಹೇಳಬೇಕೆಂದರೆ ಅಳತೆ ಪುಸ್ತಕದಿಂದಲೇ ಶುರು ಮಾಡಬೇಕು. ಆರು ವರ್ಷದ ಹಿಂದೆ ಒಂದು ದಿನ ಯಾರದೋ ತೋಳಿನ ಅಳತೆ ಹುಡುಕುತ್ತಿದ್ದೆ. ಕೊನೆಯ ಪುಟದಲ್ಲಿ ಹೆಸರಿಲ್ಲದ ಒಂದು ಅಳತೆ ಕಂಡಿತು. ಉದ್ದನೆಯ ಗೌನು, ಭುಜ ಹದಿನೆಂಟೂವರೆ, ಸೊಂಟ ಮೂವತ್ತಾರು. ಇವರದೇ ಕೈಬರಹ. ಹೆಸರು ಬರೆಯದೆ ಅಳತೆ ಬರೆಯುವ ಮನುಷ್ಯನೇ ಅಲ್ಲ ಇವರು. ಯಾವಳವಳು?

ಆಮೇಲೆ ಹದಿನೈದು ದಿನ ನಾನು ಹೆಂಗಸರ ಮುಖ ನೋಡಲಿಲ್ಲ, ಭುಜ ನೋಡಿದೆ. ಹದಿನೆಂಟೂವರೆ ಭುಜದ ಹೆಂಗಸು ಅಂದರೆ ಬಚ್ಚಿಟ್ಟುಕೊಳ್ಳುವಂಥ ಆಳಲ್ಲ. ತರಕಾರಿ ಅಂಗಡಿಯವಳು ಹದಿನೈದು. ಟೀಚರಮ್ಮ ಹದಿನಾಲ್ಕು, ಅದೂ ಸ್ವೆಟರ್ ಹಾಕಿದರೆ. ಕೊನೆಗೆ ನನ್ನ ಕಣ್ಣು ಎದುರುಮನೆಯ ನರ್ಸ್ ಮೇಲೆ ಬಿತ್ತು. ಎತ್ತರದ ಹೆಣ್ಣು, ಕೈಕಾಲು ಗಟ್ಟಿ. ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟಿದ್ದಾಗ ಅಡ್ಡಗಟ್ಟಿ, ಹಿಂದೆ ಮುಂದೆ ನೋಡದೆ ಬೆನ್ನಿಗೆ ಟೇಪು ಇಟ್ಟುಬಿಟ್ಟೆ.

"ಏನಮ್ಮಾ ಇದು, ನಡುಬೀದೀಲಿ!" ಅಂದಳು.

ಹದಿನಾರು. ಇನ್ನೆರಡೂವರೆ ಇಂಚು ಹೆಚ್ಚಿಗೆ ಇದ್ದಿದ್ದರೆ ಅವತ್ತು ಅವಳ ಜುಟ್ಟು ನನ್ನ ಕೈಯಲ್ಲಿರುತ್ತಿತ್ತು. ಇಷ್ಟೆಲ್ಲ ಜಾಣೆ ನಾನು, ಕಣ್ಣಳತೆಯಲ್ಲೇ ಊರವರ ಮೈ ಹೇಳಬಲ್ಲೆ, ಆದರೆ ಪಕ್ಕದಲ್ಲೇ ಮಲಗುವವರ ಭುಜವನ್ನು ಒಮ್ಮೆಯೂ ಅಳೆದಿರಲಿಲ್ಲ. ಇವರ ಅಂಗಿ ಇವರೇ ಕತ್ತರಿಸಿಕೊಳ್ಳುತ್ತಿದ್ದರು. ನನಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಒಂದರಿಂದ ಮೂರರವರೆಗೆ ಆಗ ಅಂಗಡಿಯ ಶಟರ್ ಅರ್ಧ ಇಳಿದಿರುತ್ತಿತ್ತು. ನಾನು ಮೇಲಿನ ಮನೆಗೆ ಹೋಗಿ ಅತ್ತೆಗೆ ಊಟ ಹಾಕಿ ಸ್ವಲ್ಪ ಕಾಲು ಚಾಚುತ್ತಿದ್ದೆ. ಅವತ್ತೊಂದು ದಿನ ಕನ್ನಡಕ ಮರೆತಿದ್ದೆ ಅಂತ ತಕ್ಷಣ ಕೆಳಗಿಳಿದೆ. ಟ್ರಯಲ್ ರೂಮಿನ ಕನ್ನಡಿಯ ಮುಂದೆ ಕಡುನೀಲಿ ಗೌನು ತೊಟ್ಟು ಇವರು ನಿಂತಿದ್ದರು. ಬೆನ್ನಿನ ಜಿಪ್ಪು ಅರ್ಧಕ್ಕೇ ನಿಂತಿತ್ತು, ಕೈ ಎಟಕಿರಲಿಲ್ಲ.

ನಿಜ ಹೇಳಲಾ? ನನಗೆ ಸಿಟ್ಟು ಬರಲಿಲ್ಲ. ಹದಿನೈದು ದಿನದ ಹೊಟ್ಟೆಯುರಿ ಒಂದೇ ಏಟಿಗೆ ಇಳಿಯಿತು. "ಅಯ್ಯೋ ದೇವರೇ, ನೀವೇನಾ!" ಎಂದು ನಗುತ್ತಾ ಅಲ್ಲೇ ಕುಸಿದು ಕೂತೆ. ಇವರು ಗೋಡೆಗೆ ಮುಖ ಮಾಡಿ ಅತ್ತರು. ಎಂಟನೇ ವಯಸ್ಸಿಂದ ಹೀಗಂತೆ. ಅಕ್ಕನ ಲಂಗ ಹಾಕಿಕೊಂಡು ಅಪ್ಪನ ಕೈಲಿ ಬೆಲ್ಟಿನೇಟು ತಿಂದಿದ್ದರಂತೆ. ಹೊಲಿಗೆ ಕಲಿತದ್ದೇ ಅದಕ್ಕಂತೆ, ಈ ಬಟ್ಟೆಗಳನ್ನು ಮುಟ್ಟಿದರೆ ಯಾರೂ ಕೇಳದ ಕೆಲಸ ಇದೊಂದೇ ಅಂತ. ನಾನು ಎದ್ದು ಜಿಪ್ಪು ಎಳೆದೆ. "ಬೆನ್ನಲ್ಲಿ ಸಡಿಲ ಆಗಿದೆ ರೀ, ನಿಂತ್ಕೊಳ್ಳಿ," ಅಂತ ಬಾಯಲ್ಲಿ ಪಿನ್ನು ಕಚ್ಚಿಕೊಂಡೆ.

ಬೇರೆ ಹೆಂಗಸೊಬ್ಬಳು ಇಲ್ಲವಲ್ಲ, ಅಷ್ಟು ಸಾಕಾಗಿತ್ತು ನನಗೆ. ಆ ಒಂದೆರಡು ವರ್ಷ ನಾವು ಹೊಸದಾಗಿ ಮದುವೆಯಾದವರ ಹಾಗಿದ್ದೆವು. ಮಧ್ಯಾಹ್ನದ ಆ ಎರಡು ಗಂಟೆ ಇವರ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಕಾಡಿಗೆ ತೀಡುವುದನ್ನು ನಾನೇ ಹೇಳಿಕೊಟ್ಟೆ. ಮೊದಲ ಸಲ ಕಣ್ಣಿಗೆ ಚುಚ್ಚಿಕೊಂಡು "ನೀವೆಲ್ಲ ದಿನಾ ಹೆಂಗೇ ಸಹಿಸ್ಕೊತೀರಿ?" ಅಂದರು. "ಗಂಡಂದಿರನ್ನೇ ಸಹಿಸ್ಕೊತೀವಿ, ಇದೇನ್ ಮಹಾ," ಅಂದೆ. ಎಷ್ಟು ನಕ್ಕೆವು!

ಆಮೇಲೆ ಇವರು ನನ್ನನ್ನು ಮುಟ್ಟುವುದು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ನಾನು ಕೇಳಿದೆ, ಕಾಡಿದೆ, ಬಾಯಿಗೆ ಬಂದಂತೆ ಅಂದೆ. ಒಂದು ಭಾನುವಾರ ಇವರೇ ಬಾಯಿಬಿಟ್ಟರು.

"ಇದು ಬರೀ ಬಟ್ಟೆ ಅಲ್ಲ ಕಣೇ. ಒಳಗೂ ನಾನು ಹೀಗೇ. ಮೊದ್ಲು ನಿನ್ನ ನೋಡ್ತಾ ಕೂತಿರ್ತಿದ್ನಲ್ಲ, ಅದನ್ನ ಆಸೆ ಅಂದ್ಕೊಂಡಿದ್ದೆ. ನಿನ್ ಥರ ಇರ್ಬೇಕು ಅನ್ನೋ ಆಸೆ ಅದು. ಈಗ ಗೊತ್ತಾಗ್ತಿದೆ."

"ಹಾಗಾದ್ರೆ ಇಷ್ಟು ವರ್ಷ ನಾನೇನು ನಿಮಗೆ, ಅಂಗಡಿ ಮುಂದೆ ನಿಲ್ಸಿರೋ ಗೊಂಬೆನಾ?"

"ನಿನ್ ಮೇಲೆ ಪ್ರೀತಿ ಇಲ್ಲ ಅಂದ್ನಾ?"

"ಆ ಪ್ರೀತಿ ಇಟ್ಕೊಂಡು ನಾನೇನ್ ಮಾಡ್ಲಿ ರೀ!" ಎಂದು ಕೂಗಿದೆ. ಒಳಗಿಂದ ಅತ್ತೆ, "ಎಲ್ಲಾ ನೀನೇ ತಲೆ ಮೇಲೆ ಕೂರಿಸ್ಕೊಂಡಿದ್ದು, ಅನುಭವಿಸು," ಅಂದರು. ಆ ಮುದುಕಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು, ಅಷ್ಟೇ.

ಇಷ್ಟಾದರೂ ನಾನು ತಡೆದುಕೊಳ್ಳುತ್ತಿದ್ದೆ. ಮನೆಯಲ್ಲೇ ಇದ್ದಾರಲ್ಲ, ಎಲ್ಲಿ ಹೋಗುತ್ತಾರೆ ಅಂದುಕೊಂಡಿದ್ದೆ. ಆಗ ಬಂದವನು ಬಟನ್ನಿನವನು.

ಅಂಗಡಿ ಅಂಗಡಿಗೆ ಬಟನ್ನು, ಲೇಸು, ದಾರ ತಂದುಕೊಡುವವನು ಅವನು. ಹೆಂಡತಿ ತೀರಿಹೋಗಿದ್ದಳು. ನಲವತ್ತೈದರ ಆಸುಪಾಸಿನ ಸಾಧು ಮನುಷ್ಯ. ತಿಂಗಳಿಗೆರಡು ಮಂಗಳವಾರ ಬರುತ್ತಿದ್ದ. ಒಂದು ಸಲ ಬೇಗ ಬಂದವನು ಅರ್ಧ ಶಟರಿನಡಿ ಬಗ್ಗಿ ಒಳಗೆ ನೋಡಿದರೆ, ಗೌನು ತೊಟ್ಟ ಮಾಸ್ಟರ್. ನಾನು ಪಿನ್ನು ಹಿಡಿದು ಕಲ್ಲಾಗಿ ನಿಂತೆ. ಆ ಪುಣ್ಯಾತ್ಮ ನಗಲಿಲ್ಲ, ಓಡಲಿಲ್ಲ. ಸ್ವಲ್ಪ ಹೊತ್ತು ನೋಡಿ ಪೆಟ್ಟಿಗೆ ಬಿಚ್ಚಿದ.

"ಕುತ್ತಿಗೆ ಹತ್ರ ಮುತ್ತಿನ ಬಟನ್ ಹಾಕಿದ್ರೆ ಒಪ್ಪುತ್ತೆ ನಿಮ್ಗೆ," ಅಂದ.

ಇವರ ಕಿವಿಯವರೆಗೂ ಕೆಂಪೇರಿತು. ಅಷ್ಟು ವರ್ಷದಲ್ಲಿ ನನ್ನ ಯಾವ ಮಾತಿಗೂ ಹಾಗೆ ಕೆಂಪೇರಿದ್ದಿಲ್ಲ.

ಅಲ್ಲಿಂದ ಅವನು ಪ್ರತಿ ಮಂಗಳವಾರ ಬರತೊಡಗಿದ. ಅಷ್ಟು ಬಟನ್ನು ಯಾರಿಗೆ ಬೇಕಿತ್ತು? ಇಬ್ಬರೂ ಕತ್ತರಿಸುವ ಮೇಜಿನ ಆಚೆ ಈಚೆ ಕೂತು ಟೀ ಕುಡಿಯುತ್ತಿದ್ದರು. ಇವರು ಕೂದಲು ಬಿಟ್ಟರು. ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ, ಅದು ಇವರ ಗುಣ. "ಗಂಡಸರ ಕಡೆ ನಾನು ಯಾವತ್ತೂ ತಿರುಗಿ ನೋಡಿದೋಳಲ್ಲ ಕಣೇ, ಇದೇನಾಗ್ತಿದೆ ಅಂತ ನನಗೇ ಭಯ," ಅಂದರು. ಆ ಭಯದಲ್ಲೂ ಮುಖ ಬೆಳಗುತ್ತಿತ್ತು. ಇನ್ನೊಂದು ದಿನ, "ಅವ್ರ ಊರಲ್ಲೊಂದು ಅಂಗಡಿ ಖಾಲಿ ಇದೆಯಂತೆ. ಮೇಲೆ ಎರಡು ರೂಮು. ಅಲ್ಲಿ ನನ್ನ ಮಾಸ್ಟರ್ ಅನ್ನೋರು ಯಾರೂ ಇರಲ್ಲ," ಅಂದರು. ಹೋಗಲಾ ಅಂತ ನನ್ನನ್ನು ಕೇಳಲಿಲ್ಲ. ಆದರೆ ಸೂಟ್‌ಕೇಸಿನ ಧೂಳು ಒರೆಸಿದ್ದು ನಾನು ನೋಡಿದೆ. ನನಗೆ ಮೈಯೆಲ್ಲ ಉರಿಯಿತು. ಬೆನ್ನಿನ ಪಿನ್ನು ಹಾಕಿದವಳು ನಾನು, ಕಣ್ಣಿಗೆ ಕಾಡಿಗೆ ಹಚ್ಚಿದವಳು ನಾನು. ತಿದ್ದಿ ತೀಡಿ ಇನ್ನೊಬ್ಬನ ಕೈಗೆ ಕೊಡುವುದಕ್ಕಾ?

ಮುಂದಿನ ಮಂಗಳವಾರ ಇವರು ಮಿಷನ್ ರಿಪೇರಿಗೆ ಹೋಗಿದ್ದರು. ಬಟನ್ನಿನವನು ಬಂದ. ಪೆಟ್ಟಿಗೆ ಬಿಚ್ಚಲಿಲ್ಲ. ಸ್ಟೂಲಿನ ತುದಿಯಲ್ಲಿ ಕೂತ.

"ಅಕ್ಕಾ, ನಾನು ಸಂಸಾರ ಒಡೆಯೋಕೆ ಬಂದೋನಲ್ಲ. ನಿಮ್ಮಿಬ್ರ ನಡುವೆ ಆ ಸಂಬಂಧ ಮುಗಿದು ಎರಡು ವರ್ಷ ಆಯ್ತು ಅಂತ ಅವ್ರು ಹೇಳಿದ್ರು. ನಿಮ್ ಬಾಯಿಂದ ಒಂದ್ಮಾತು ಕೇಳ್ಬೇಕು ಅನ್ನಿಸ್ತು. ಹಾಗಿಲ್ಲ ಅಂದ್ರೆ ಹೇಳ್ಬಿಡಿ, ಇವತ್ತೇ ಕೊನೆ, ಮತ್ತೆ ಈ ಕಡೆ ತಲೆ ಹಾಕಲ್ಲ."

ಎಂಥ ಮನುಷ್ಯ ನೋಡಿ. ಕೆಟ್ಟವನಾಗಿದ್ದರೆ ನಾನು ಬೈದು ಓಡಿಸುತ್ತಿದ್ದೆ, ಅವನು ಬೈಗುಳಕ್ಕೆ ಹೆದರದೆ ಮತ್ತೆ ಬರುತ್ತಿದ್ದ. ಒಳ್ಳೆಯವನಾಗಿದ್ದ, ನನ್ನ ಮಾತನ್ನು ನಂಬುವವನಾಗಿದ್ದ. ನಾನು ಸೂಜಿ ಬಟ್ಟೆಗೆ ಚುಚ್ಚಿಟ್ಟು ಅವನನ್ನೇ ನೋಡಿ ಅಂದೆ:

"ಮುಗಿದಿದೆ ಅಂದ್ರಾ? ಮೊನ್ನೆ ಕೂಡ ನಾವು ಗಂಡ ಹೆಂಡ್ತಿ ಥರಾನೇ ಇದ್ವಿ. ಇವ್ರಿಗೆ ಆಗಾಗ ಈ ಹುಚ್ಚು ಬರುತ್ತೆ, ಇಳಿಯುತ್ತೆ. ನಿಮಗಿಂತ ಮುಂಚೆ ಲೈನಿಂಗ್ ಬಟ್ಟೆ ಮಾರೋನೊಬ್ಬ ಇದ್ದ. ಅವನಿಗೂ ಇದೇ ಹೇಳಿದ್ರು."

ಅವನು ಎದ್ದು, "ಸರಿ ಅಕ್ಕಾ," ಅಂದು ಪೆಟ್ಟಿಗೆ ಎತ್ತಿಕೊಂಡು ಹೋದ. ಬಾಗಿಲಲ್ಲಿ ಶಟರಿಗೆ ತಲೆ ತಾಗಿಸಿಕೊಂಡ. ನಾನು ಮತ್ತೆ ಸೂಜಿ ಹಿಡಿದೆ.

ಇವರು ಏಳು ಮಂಗಳವಾರ ಕಣ್ಣಲ್ಲಿ ಕಣ್ಣಿಟ್ಟು ಕಾದರು. ಅವನು ಫೋನು ಎತ್ತುತ್ತಿರಲಿಲ್ಲ, ಆಮೇಲೆ ಆ ನಂಬರೇ ಇಲ್ಲ ಅಂತ ಬಂತು. ಎಂಟನೇ ಮಂಗಳವಾರ, "ಬೆಳಕಲ್ಲಿ ಸರಿಯಾಗಿ ನೋಡಿರ್ಬೇಕು ನನ್ನ. ಅಸಹ್ಯ ಆಗಿರುತ್ತೆ," ಅಂದರು. ಹಾಗಲ್ಲ ರೀ ಅಂತ ನಾನು ಒಂದು ಮಾತು ಹೇಳಬಹುದಿತ್ತು. ಅಂಚು ಮಡಚುತ್ತಾ ಕೂತೆ. ಅವತ್ತೇ ಹೋಗಿ ಕೂದಲು ಕತ್ತರಿಸಿಕೊಂಡು ಬಂದರು.

ಈಗ ಎರಡು ವರ್ಷವಾಯಿತು. ಅಂಗಿ, ಪ್ಯಾಂಟು, ಕುತ್ತಿಗೆಗೆ ಟೇಪು. ಅತ್ತೆ ಕಣ್ಣು ಮುಚ್ಚುವ ಮುಂಚೆ, "ಮಗನ್ನ ಮನುಷ್ಯ ಮಾಡ್ದೆ ನೀನು," ಅಂತ ನನ್ನ ಕೈ ಹಿಡಿದು ಅತ್ತರು. ಮಧ್ಯಾಹ್ನ ಈಗ ಶಟರ್ ಪೂರ್ತಿ ತೆರೆದೇ ಇರುತ್ತದೆ. ಇವರು ಟ್ರಯಲ್ ರೂಮಿನ ಕಡೆ ಹೋಗುವುದಿಲ್ಲ, ಗಡ್ಡ ಹೆರೆದುಕೊಳ್ಳುವಾಗಲೂ ಕನ್ನಡಿ ಬೇಡ, ಕೈಯಲ್ಲಿ ತಡವಿಕೊಂಡೇ ಹೆರೆಯುತ್ತಾರೆ, ಗಾಯ ಮಾಡಿಕೊಳ್ಳುತ್ತಾರೆ. ರಾತ್ರಿ ಒಂದೇ ಮಂಚ. ಇವರು ಗೋಡೆ ಕಡೆ, ನಾನು ಬಾಗಿಲ ಕಡೆ. ಬೇಕು ಅಂತ ಹಟ ಹಿಡಿದು ಉಳಿಸಿಕೊಂಡೆನಲ್ಲ, ಉಳಿದದ್ದು ಇಷ್ಟೇ. ಮಾಸ್ಟರ್ ಈಚೆಗೆ ಮಾತೇ ಆಡಲ್ಲ ಅಂತ ಗಿರಾಕಿಗಳು ನನ್ನನ್ನು ಕೇಳುತ್ತಾರೆ. ವಯಸ್ಸಾಯ್ತಲ್ಲ ಅನ್ನುತ್ತೇನೆ.

ಮೊನ್ನೆ ಮಧ್ಯಾಹ್ನ ತಟ್ಟೆ ಮುಂದಿಟ್ಟೆ. ಇವರು ಕೈಯಿಟ್ಟು ಹಾಗೇ ಕೂತರು. ತುಂಬಾ ದಿನದ ಮೇಲೆ ನನ್ನ ಮುಖವನ್ನು ನೇರವಾಗಿ ನೋಡಿದರು.

"ಅಪ್ಪ ಹೊಡೆದ್ರು. ಅವ್ನು ಹೇಳ್ದೆ ಕೇಳ್ದೆ ಹೋದ. ಇಷ್ಟಾದ್ಮೇಲೂ ನನಗೆ ಮೋಸ ಮಾಡ್ದೇ ಇರೋಳು ಅಂದ್ರೆ ನೀನೊಬ್ಬಳೇ ಕಣೇ."

ನಾನು ಲೋಟಕ್ಕೆ ನೀರು ಬಗ್ಗಿಸಿ ಪಕ್ಕದಲ್ಲಿಟ್ಟೆ. "ಆರೋಗ್ತಿದೆ, ಊಟ ಮಾಡಿ," ಎಂದೆ.