ಮಂಜಣ್ಣನ ಸದ್ದಿಲ್ಲದ ಮಹಡಿ

ಸ್ನೇಹಿತರೇ, ತಿಪಟೂರಿನಲ್ಲಿ ಇವತ್ತೊಂದು ಬಾಡಿಗೆ ಮನೆ ನೋಡಿದೆವು. ನನ್ನ ಹೆಂಡತಿ ನರ್ಸ್. ರಾತ್ರಿ ಡ್ಯೂಟಿ ಮುಗಿಸಿ ಹಗಲು ಮಲಗುವವಳು. ಸದ್ದಿದ್ದರೆ ಆಗದು.

ಮಾಲೀಕ ಮಂಜಣ್ಣ ಅದರ ಮೇಲಿದ್ದ ಕೊಬ್ಬರಿ ಅಟ್ಟವನ್ನೇ ಇನ್ನೊಂದು ಮನೆ ಮಾಡಿಸಿದ್ದಾರೆ. "ಮಧ್ಯೆ ತೆಂಗಿನ ನಾರು ತುಂಬ್ಸೀನಿ ಕಣ್ರೀ. ಮೇಲೆ ಕಾಯಿ ಎತ್ತಾಕಿದ್ರೂ ಕೆಳಗೆ ಕೇಳ್ಸಲ್ಲ" ಎಂದವರೇ, ತೋರಿಸಿಯೇ ಬಿಡುತ್ತೇನೆಂದು ಒಂದು ಕಾಯಿ ಹಿಡಿದು ಮೇಲೆ ಹೋದರು.

ನಾವು ಕೆಳಗೆ ನಿಂತು ಕಾದೆವು. ಸದ್ದೇ ಇಲ್ಲ. ಹೆಂಡತಿಯ ಮುಖ ಅರಳಿತು. "ಏನೂ ಕೇಳಿಸ್ಲಿಲ್ಲ ಮಂಜಣ್ಣಾ!" ಎಂದು ಕೂಗಿದೆ.

"ತಡೀರಿ, ಇನ್ನೂ ಎತ್ತಾಕಿಲ್ಲ!" ಎಂದಿತು ಸೂರು, ಏದುಸಿರು ಸಮೇತ.

ಹೆಂಡತಿ ಚಪ್ಪಲಿ ಮೆಟ್ಟಿದಳು. ಇಳಿದು ಬಂದ ಮಂಜಣ್ಣ ಅವಳ ಕೈಗೆ ಆ ಕಾಯಿ ಕೊಟ್ಟು, "ಕೇಳಿಸ್ಲಿಲ್ಲ ಅಂತ ನೀವೇ ಅಂದ್ರಲ್ಲ, ಇನ್ನೇನು?" ಎಂದರು.

ಕಾಯಿ ಚೆನ್ನಾಗಿತ್ತು. ಮನೆ ಹುಡುಕುತ್ತಿದ್ದೇವೆ.