ಫೈಟರ್ ಮೀನಿಗೊಂದು ಜೋಡಿ

ನಮ್ಮ ರಾಯಚೂರು ಸೀಮೆಯಲ್ಲಿ ಜೋಡಿ ಎಂದರೆ ಗಂಡ ಹೆಂಡತಿಯೇ ಆಗಬೇಕೆಂದಿಲ್ಲ. ಸಂತೆಗೆ ಹೋಗಲು ಜೋಡಿ ಬೇಕು, ಆಸ್ಪತ್ರೆಗೆ ಜೋಡಿ ಬೇಕು, ಹಲ್ಲು ಕೀಳಿಸಿಕೊಳ್ಳುವವನ ಪಕ್ಕ ಸುಮ್ಮನೆ ಬಾಯಿ ತೆರೆದು ಕೂರಲಿಕ್ಕೂ ಒಬ್ಬ ಜೋಡಿ ಬೇಕು. ಯಾರಾದರೂ ಒಬ್ಬರೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರೆ, ಪಾಪ, ಮನೆಯಲ್ಲಿ ಏನೋ ಆಗಿರಬೇಕು ಎಂದು ನಾಲ್ಕು ಜನ ಕನಿಕರದಿಂದ ನೋಡುತ್ತಾರೆ. ಇಂಥ ಊರಿನಲ್ಲಿ, ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲಕ್ಕೆ, ನಾನು ಒಬ್ಬಳೇ ಮನೆ ಮಾಡಿಕೊಂಡಿದ್ದೆ. ಅದು ಸಾಲದೆಂಬಂತೆ, ಒಂಟಿಯಾಗಿರುವುದೇ ತನ್ನ ಜನ್ಮಸಿದ್ಧ ಹಕ್ಕು ಎಂದು ತಿಳಿದ ಒಂದು ಮೀನನ್ನೂ ಸಾಕಿದ್ದೆ.

ಒಬ್ಬಳೇ ಎಂದರೆ ಗಾಬರಿಯಾಗಬೇಡಿ, ಗಂಡ ಇದ್ದರು. ದೇವದುರ್ಗದ ಕಡೆ ಕಾಲುವೆ ಕೆಲಸದಲ್ಲಿ ಓವರ್‌ಸಿಯರ್. ಶನಿವಾರ ಸಂಜೆ ಮೈತುಂಬ ಧೂಳು ಹೊತ್ತು ಬಸ್ಸಿಳಿದು, ಸೋಮವಾರ ಬೆಳಿಗ್ಗೆ ಮತ್ತೆ ಹೊರಡುತ್ತಿದ್ದರು. ನಾನು ರಾಯಚೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮದುವೆಯಾದ ಹೊಸತು, ವಾರವಿಡೀ ಹೆಂಡತಿಗೆ ಮಾತಿಗೆ ಯಾರೂ ಇಲ್ಲವಲ್ಲ ಎಂದು ಅವರು ಹೈದರಾಬಾದಿಗೆ ಹೋದಾಗ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಅದನ್ನು ಟಿಫಿನ್ ಡಬ್ಬಿಯೊಳಗಿಟ್ಟು, ಒಂದು ಫೈಟರ್ ಮೀನನ್ನು ತಂದರು. ಮಾತಾಡಲಿಕ್ಕೆಂದು ಮೀನು! ನಮ್ಮವರ ಲೆಕ್ಕಾಚಾರಗಳೆಲ್ಲ ಹೀಗೆಯೇ. ಇವರು ಅಗೆಸಿದ ಕಾಲುವೆಯಲ್ಲಿ ನೀರು ಸರಿಯಾದ ದಿಕ್ಕಿಗೇ ಹರಿಯುತ್ತದೆಯೋ ಎಂದು ನನಗೆ ಆಗಾಗ ಅನುಮಾನ ಬರುತ್ತಿತ್ತು.

ಮೀನು ಮಾತ್ರ ನೋಡುವ ಹಾಗಿತ್ತು. ಹೆಬ್ಬೆರಳುದ್ದದ ಮೈ, ಅದಕ್ಕಿಂತ ದೊಡ್ಡ ಸೆರಗು. ನೀಲಿಯೋ ನೇರಳೆಯೋ ಎಂದು ಹೇಳುವಷ್ಟರಲ್ಲಿ ಬಣ್ಣ ಹೊರಳುತ್ತಿತ್ತು. ಸಯಾಮ್ ದೇಶದ ಭತ್ತದ ಗದ್ದೆಗಳ ಕೆಸರು ನೀರು ಈ ಜಾತಿಯ ತವರಂತೆ. ಆ ಲೆಕ್ಕಕ್ಕೆ ನಮ್ಮ ಸಿರವಾರದ ಗದ್ದೆಗೆ ಬಿಟ್ಟಿದ್ದರೂ ಸುಖವಾಗಿಯೇ ಇರುತ್ತಿತ್ತು. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗುವುದು ಅದರ ಅಭ್ಯಾಸ. ರಾಯಚೂರಿನ ಬಿಸಿಲಿಗೂ ಅದು ಜಗ್ಗಲಿಲ್ಲ. ಇಷ್ಟೆಲ್ಲ ಗುಣವಿದ್ದೂ ಒಂದೇ ಐಬು: ತನ್ನಂಥ ಇನ್ನೊಂದನ್ನು ಕಂಡರೆ ಕಿವಿರು ಕೆದರಿ ಕಾದಾಟಕ್ಕೆ ನಿಲ್ಲುತ್ತದೆ. ಇನ್ನೊಂದು ಸಿಗದಿದ್ದರೆ ಕನ್ನಡಿಯಾದರೂ ಆದೀತು. ನಾನು ಕುಂಕುಮ ಇಟ್ಟುಕೊಳ್ಳಲು ಕನ್ನಡಿ ಹಿಡಿದರೆ ಸಾಕು, ಬೆನ್ನ ಹಿಂದೆ ಯುದ್ಧ ಶುರುವಾಗುತ್ತಿತ್ತು. ಒಂಟಿಯಾಗಿರುವವರು ಶತ್ರುವನ್ನು ಹೊರಗಿನಿಂದ ತರಬೇಕಾಗಿಲ್ಲ ಎಂಬ ತತ್ತ್ವವನ್ನು ನಾನು ಕಲಿತದ್ದು ಹೀಗೆ.

ಒಂದು ದಿನ ಮಾನ್ವಿಯಿಂದ ಅತ್ತೆ ಬಂದರು. ಕೈಯಲ್ಲಿದ್ದ ಟ್ರಂಕು ಸಣ್ಣದು, ತಲೆಯಲ್ಲಿದ್ದ ನಿರ್ಧಾರ ದೊಡ್ಡದು: ನಾನು ನೌಕರಿ ಬಿಟ್ಟು ಮಾನ್ವಿಯ ಮನೆಗೆ ಬರಬೇಕು. ಅಲ್ಲಿ ಭಾವಂದಿರು, ವಾರಗಿತ್ತಿಯರು, ಮಕ್ಕಳು, ಬಂದು ಹೋಗುವವರು ಎಂದು ಊಟದ ಪಂಕ್ತಿ ಪಡಸಾಲೆ ದಾಟುತ್ತದೆ. ಜೋಡಿಗೆ ಬರವೇ ಇಲ್ಲ. ನನಗೋ ನನ್ನ ತರಗತಿ, ಸೀಮೆಸುಣ್ಣದ ಪುಡಿ ಹತ್ತಿದ ನನ್ನ ಸೀರೆ, ಇವೇ ಜೀವ. ಬಿಡಲು ಮನಸ್ಸಿಲ್ಲ, ಅತ್ತೆಗೆ ಎದುರಾಡಲು ಧೈರ್ಯವಿಲ್ಲ.

ಕಾಲು ತೊಳೆದು ಒಳಗೆ ಬಂದವರೇ ಮೀನಿನ ಗಾಜಿನ ತೊಟ್ಟಿಯ ಮುಂದೆ ನಿಂತರು.

"ಯವ್ವಾ, ಇದೊಂದಽ ಅದ ಏನು? ಜೋಡಿ ಇಲ್ಲೇನು ಇದಕ್ಕ?"

"ಇಲ್ರಿ ಅತ್ತಿ, ಇದಕ್ಕ ಜೋಡಿ ಆಗಿ ಬರಂಗಿಲ್ಲ. ಬಡದಾಡತದ."

"ಹಂಗಂತ ಅದು ಬಂದು ಹೇಳ್ತೇನು? ನೀನಽ ಕಲಿಸಿರಬೇಕು."

ಮಾತು ಮೀನಿನದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಪಕ್ಕದ ಮನೆಯ ಖೈರುನ್ ಆಪಾ ಅತ್ತೆಯ ಸಂಕಟಕ್ಕೆ ಆಗಿಂದಾಗಲೇ ಮರುಗಿದರು. ಅವರ ಅಣ್ಣ ಕೃಷ್ಣೆಯ ದಂಡೆಯ ಗೂಗಲ್ ಎಂಬ ಊರಿನಿಂದ ಹೊಳೆಮೀನು ತಂದು ಮಾರುತ್ತಿದ್ದ. ಮರುದಿನವೇ ಒಂದು ತಂಬಿಗೆಯಲ್ಲಿ ಜೀವಂತ ಸಿಗಡಿ ಹಾಜರಾಯಿತು. ಗಾಜಿನಂತೆ ಆಚೆಯದೆಲ್ಲ ಮೈಯೊಳಗಿಂದಲೇ ಕಾಣುವ, ಮೈಗಿಂತ ಮೀಸೆಯೇ ಉದ್ದವಾದ ಪ್ರಾಣಿ. "ಝೀಂಗಾ ಅಮ್ಮಾ, ಗರೀಬ್ ಜಾನ್ವರ್. ಯಾರ ಗೊಡವಿಗೂ ಹೋಗಂಗಿಲ್ರಿ" ಎಂದರು ಆಪಾ. ಮೀನಿನ ಸಾರಿನ ವಾಸನೆಗೇ ಮೂಗು ಮುಚ್ಚಿಕೊಳ್ಳುವ ನಮ್ಮತ್ತೆ ಸಿಗಡಿಯನ್ನು ಕಂಡದ್ದು ಅದೇ ಮೊದಲು. ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಸಂಭ್ರಮದಲ್ಲಿ ತಂಬಿಗೆಯನ್ನು ತೊಟ್ಟಿಗೆ ಬಗ್ಗಿಸಿದರು. ಫೈಟರ್ ಕಿವಿರು ಕೆದರಿತು. ಸಿಗಡಿ ಹಿಂದಕ್ಕೆ ಚಿಮ್ಮಿ ಕಲ್ಲಿನ ಸಂದಿ ಸೇರಿತು.

"ಇವೆರಡೂ ಕೂಡಿ ಬಾಳ್ವಿ ಮಾಡಿದ್ವು ಅಂದ್ರ ನೀ ಸುಮ್ಮನ ಮಾನ್ವಿಗೆ ಬರಬೇಕು" ಎಂದರು ಅತ್ತೆ.

"ತಿಂದುಬಿಟ್ರ?"

"ತಿಂದ್ರ ನಿನ್ನ ಸಾಲಿ ನಿನಗ."

ಹೀಗೆ ನನ್ನ ನೌಕರಿ ಒಂದು ಮೀನಿನ ಹಸಿವಿನ ಮೇಲೆ ನಿಂತಿತು. ಅಂದಿನಿಂದ ನಾನು ಫೈಟರಿಗೆ ಹಾಕುವ ಸೊಳ್ಳೆಮರಿಗಳಲ್ಲಿ ಕೊಂಚ ಕಡಿತ ಮಾಡಿದೆ. ನಾನು ಶಾಲೆಗೆ ಹೋದ ಮೇಲೆ ಅತ್ತೆ, ಮಡಿ ಮೈಲಿಗೆ ಎಲ್ಲ ಮರೆತು, ಹಿತ್ತಲಿನ ಬ್ಯಾರಲ್ಲಿನಿಂದ ಅವನ್ನು ಸೋಸಿ ಧಾರಾಳವಾಗಿ ಹಾಕುತ್ತಿದ್ದರೆಂದು ಆಮೇಲೆ ತಿಳಿಯಿತು. ಮೀನು ಗುಂಡಗಾದದ್ದು ಆ ವಾರವೇ.

ಒಂದು ಬೆಳಿಗ್ಗೆ ಅತ್ತೆಯ ಕೂಗು ಕೇಳಿ ಓಡಿ ಬಂದೆ. ತೊಟ್ಟಿಯ ತಳದಲ್ಲಿ ಸಿಗಡಿ ಮಗ್ಗುಲಾಗಿ ಬಿದ್ದಿತ್ತು. ಮೀಸೆ, ಕಾಲು ಎಲ್ಲ ಇದ್ದ ಹಾಗೇ ಇವೆ, ಒಳಗೆ ಮಾತ್ರ ಏನೂ ಇಲ್ಲ. ಫೈಟರ್ ಒಳಗಿನದನ್ನೆಲ್ಲ ಹೀರಿಬಿಟ್ಟಿದೆ ಎಂದು ವಿಜ್ಞಾನದ ಟೀಚರಾದ ನಾನೇ ತೀರ್ಪು ಕೊಟ್ಟೆ. ಗೆದ್ದವಳು ನಾನು. ಆದರೆ ಅತ್ತೆಯ ಮುಖ ನೋಡಿದ ಮೇಲೆ ಅದು ಗೆಲುವೆನಿಸಲಿಲ್ಲ. "ನನ್ನ ಕೈಯಾರೆ ನೂಕಿದ್ನೆಲ್ಲವ್ವಾ ಅದನ್ನ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಚಮಚದಲ್ಲಿ ಅದನ್ನೆತ್ತಿ ಹಿತ್ತಲಲ್ಲಿ ಮಣ್ಣು ಮಾಡಿದೆವು. ಅತ್ತೆ ತಲೆಯ ಮೇಲೆ ನೀರು ಹಾಕಿಕೊಂಡರು, ನನಗೂ ಹಾಕಿದರು. ಖೈರುನ್ ಆಪಾ ಬಾಗಿಲಲ್ಲಿ ನಿಂತು ಸಮಾಧಾನದ ಮಾತಾಡಿ ಹೋದರು. ಅವರ ಅಣ್ಣ ಬುಟ್ಟಿಗಟ್ಟಲೆ ಸಿಗಡಿ ಮಾರುವವನೆಂಬುದು ಆ ಹೊತ್ತಿನಲ್ಲಿ ಯಾರ ನೆನಪಿಗೂ ಬರಲಿಲ್ಲ.

ನಮ್ಮ ಒದ್ದೆ ಕೂದಲು ಇನ್ನೂ ಆರಿರಲಿಲ್ಲ, ಕಲ್ಲಿನ ಸಂದಿಯಿಂದ ಎರಡು ಮೀಸೆ ಹೊರಬಂದವು. ಹಿಂದೆಯೇ ಸಿಗಡಿ! ಮೈ ಮೆತ್ತಗೆ ಹೊಳೆಯುತ್ತಿದೆ, ಮೊದಲಿಗಿಂತ ಒಂದು ಸುತ್ತು ದೊಡ್ಡದಾಗಿದೆ.

"ಯವ್ವಾ! ಹಾವಿನಂಗ ಪೊರಿ ಬಿಟ್ಟದಲ್ಲಽ ಇದು! ಬಿಚ್ಚಿ ಒಗದ ಅಂಗಿಗೆ ನಾವು ಸೂತಕದ ಜಳಕ ಮಾಡಿದ್ವೆಲ್ಲಾ!"

ಅತ್ತೆ ಅಷ್ಟು ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸಾವಿನ ಮನೆಯಲ್ಲಿ ಇದೇನು ನಗೆ ಎಂದು ಆಪಾ ಮತ್ತೆ ಓಡಿ ಬಂದರು, ಬಂದವರು ತಾವೂ ಹೊಟ್ಟೆ ಹಿಡಿದುಕೊಂಡು ಕೂತರು.

ನಕ್ಕು ಮುಗಿದ ಮೇಲೆ ನನಗೆ ಹೊಳೆಯಿತು: ಸಿಗಡಿ ಬದುಕಿದೆ, ನಾನು ಸೋತಿದ್ದೇನೆ. ಶನಿವಾರ ಮಗ ಬಂದೊಡನೆ ಅತ್ತೆ ಮಾನ್ವಿಯ ಮಾತು ತೆಗೆಯುತ್ತಾರೆ ಎಂದು ಜೀವ ಹಿಡಿದು ಕಾದೆ. ಅವರು ಮಾತ್ರ ಹೊತ್ತು ಸಿಕ್ಕಾಗಲೆಲ್ಲ ತೊಟ್ಟಿಯ ಮುಂದೆ ಕೂತಿರುತ್ತಿದ್ದರು. ಮೇಲಿನ ನೀರು ಫೈಟರಿನದು, ತಳ ಸಿಗಡಿಯದು. ಮೀನಿನ ಬಾಯಿ ತಪ್ಪಿ ಜಾರಿದ್ದನ್ನು ಸಿಗಡಿ ಹೆಕ್ಕಿ ತಿನ್ನುತ್ತಿತ್ತು. ಎದುರುಬದುರಾದರೆ ಒಂದು ಚೂರು ಇದು ಸರಿಯುತ್ತಿತ್ತು, ಒಂದು ಚೂರು ಅದು.

ಶನಿವಾರ ಊಟಕ್ಕೆ ಕೂತ ಮಗನಿಗೆ ಅತ್ತೆ ಹೇಳಿದರು: "ಇಕಿ ಮಾನ್ವಿಗೆ ಬರಂಗಿಲ್ಲಪಾ. ಸಾಲಿ ಬಿಡೂದು ಬ್ಯಾಡ. ಜೋಡಿಗೆ ನಾನಽ ಇಲ್ಲಿರತೀನಿ."

ನಾನು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಅತ್ತೆಯ ಕಡೆ ತಿರುಗಿದೆ.

"ಯವ್ವಾ, ಅಲ್ಲಿ ಮನಿ ತುಂಬ ಮಂದಿ ಅದಾರ. ಇಲ್ಲೇನದ ನಿನಗ?" ಎಂದರು ನಮ್ಮವರು.

ಅತ್ತೆ ಮಗನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. "ಮಂದಿ ಅದಾರಪಾ. ಪೊರಿ ಬಿಡಾಕ ಒಂದು ಸಂದಿ ಇಲ್ಲ. ನಿಮ್ಮಪ್ಪ ಹೋದಾಗ ಅಳಾಕ ಸೈತ ನನಗೊಂದು ಮೂಲಿ ಸಿಗಲಿಲ್ಲ."

ನಮ್ಮದು ಎರಡೇ ಕೋಣೆಯ ಮನೆ. ಅಂದೇ ಒಳಕೋಣೆಯಲ್ಲಿ ಅವರ ಹಾಸಿಗೆ ಹಾಸಿ, ಬಾಗಿಲಿಗೆ ನನ್ನ ಸೀರೆಯೊಂದನ್ನು ಪರದೆ ಕಟ್ಟಿದೆ. ಒಳಗಿನಿಂದ ಕರೆಯದೆ ಆ ಪರದೆ ಸರಿಸಬಾರದೆಂಬುದು ನಾವಿಬ್ಬರೂ ಬಾಯಿಬಿಟ್ಟು ಹೇಳದೆ ಮಾಡಿಕೊಂಡ ಒಪ್ಪಂದ. ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಮರುದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ತಾಯಿ ಮಗ ಇಬ್ಬರೂ ಹಾಗೆಯೇ ಉಂಡರು. ನಮ್ಮವರು ಕೈ ತೊಳೆದು ಬಂದು ತೊಟ್ಟಿಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, "ಹಂಗಾದ್ರ ನಿಮ್ಮಿಬ್ಬರೊಳಗ ಫೈಟರ್ ಯಾರು?" ಎಂದು ಕೇಳಿದರು.

ನಾನು ಅತ್ತೆಯ ಕಡೆ ಬೆರಳು ತೋರಿಸಿದೆ. ಅತ್ತೆಯ ಬೆರಳು ಅದಾಗಲೇ ನನ್ನ ಕಡೆ ಇತ್ತು.