ಟವೆಲ್ಲಿನ ಕೆಳಗಿನ ಬೆಲೆ

‘ಗಾಡಿ ತಗೊಂಡು ನೀ ಏನ ಮಾಡ್ತಿ, ನಿನ್ನ ಕೈಲೆ ಆಗೂದಲ್ಲ ಬಿಡು’ ಎಂದವನು ನನ್ನ ಸ್ವಂತ ಅಣ್ಣ. ಗದಗಿನಲ್ಲಿ ಮಂಡಕ್ಕಿ ಗಿರ್ಮಿಟ್ಟು ಮಾರಿ ಮನೆ ಕಟ್ಟಿದವಳು ನಾನು. ಹಳೆಯ ಪಿಕಪ್ ಗಾಡಿಯೊಂದನ್ನು ರಸ್ತೆ ಬದಿಗೆ ನಿಲ್ಲಿಸಿ, ಅದರ ಹಿಂಬದಿಯಲ್ಲಿ ಒಲೆ ಹೂಡಬೇಕೆಂದು ಹಟ ಹಿಡಿದಿದ್ದೆ.

ಲಕ್ಷ್ಮೇಶ್ವರದ ದನದ ದಲ್ಲಾಳಿ ಅಜ್ಜರೊಬ್ಬರ ಹತ್ತಿರ ಅಂಥದ್ದೊಂದಿತ್ತು. ಗುಂಡು ದೀಪದ, ಅವರಪ್ಪನ ಕಾಲದ ಗಾಡಿ. ಶಾಲೆಗೆ ಹೋಗದೆ ಓದಲು ಕಲಿತವಳು, ಕಾಗದಪತ್ರವನ್ನೆಲ್ಲ ನಾನೇ ಓದಿ ನೋಡಿದೆ. ಬೆಲೆ ಮಾತ್ರ ಕಾಗದದಲ್ಲಿರಲಿಲ್ಲ. ಅಜ್ಜ ಎತ್ತು ಮಾರುವಂತೆಯೇ ಗಾಡಿಯನ್ನೂ ಮಾರಲು ಕೂತರು: ಟವೆಲ್ ಕೆಳಗೆ ಕೈ ಸೇರಿಸಿ, ಬಾಯಿ ಬಿಡದೆ, ಬೆರಳು ಹಿಡಿದು ದರ ಹೇಳುವುದು. ಹೆಂಗಸರು ಅಲ್ಲಿ ಕೈ ಇಡುವ ರೂಢಿಯಿಲ್ಲ. ವ್ಯಾಪಾರ ಕುದುರಿಸಲು ಜೊತೆಗೆ ಬಂದಿದ್ದ ಅಣ್ಣ ಇಟ್ಟ. ಕೈ ಹೊರಗೆ ತೆಗೆದು, ‘ಅರವತ್ತು ಸಾವಿರಕ್ಕ ಒಪ್ಯಾರ, ರೊಕ್ಕಾ ತಗಿ’ ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಾನು ಟವೆಲ್ಲಿನೊಳಗೆ ಕೈ ಹಾಕಿದೆ. ‘ಅಜ್ಜಾರ, ಅಣ್ಣಗ ಹೇಳಿದ್ದನ್ನ ನನಗೂ ಹೇಳ್ರಿ.’

ಅಜ್ಜ ನನ್ನ ನಾಲ್ಕು ಬೆರಳು ಹಿಡಿದರು. ‘ಟವೆಲ್ ಅರಿವಿ ಒಳಗ ಸುಳ್ಳ ಹೇಳಾಕ ನನಗ ಬರೂದಿಲ್ಲ, ಯವ್ವಾ’ ಎಂದರು.

ನಾಲ್ಕು ಬೆರಳೆಂದರೆ ನಲವತ್ತು ಸಾವಿರ.

‘ಇಷ್ಟ ಓಡ್ಯಾಡೇನಿ, ನಡುವಿನವಗ ಏನೂ ಬ್ಯಾಡೇನು?’ ಎಂದ ಅಣ್ಣ. ಕೇಳಿದ್ದರೆ ಕೊಡುತ್ತಿದ್ದೆ. ಅವನು ಮನೆಗೆ ಹೋಗಿ ಅವ್ವನ ಮುಂದೆ, ‘ಆಕಿ ಪರಗಂಡಸಿನ ಕೈ ಹಿಡದ್ಲು’ ಎಂದಷ್ಟೇ ಹೇಳಿದನಂತೆ. ಆ ವರ್ಷ, ಮದುವೆಯಾದ ಹೆಣ್ಣುಮಕ್ಕಳನ್ನು ಕರೆಸಿಕೊಳ್ಳುವ ನಾಗರಪಂಚಮಿಗೆ ನನ್ನನ್ನು ಕರೆಯಲು ಯಾರೂ ಬರಲಿಲ್ಲ.

ಗಾಡಿ ಈಗ ನನ್ನದು. ನಲವತ್ತು ಸಾವಿರ ರೂಪಾಯಿ ಬಿತ್ತು, ಮೇಲೊಂದು ತವರುಮನೆ.